ದೂರಿನ ಪುಟ ನಮ್ಮದಾಗಲಿ, ಮೂಲ ಫೈಲ್ ಹಾಗೇ ಇರಲಿ

ಹೋದ ತಿಂಗಳು ಇಶ್ಯೂ ಟ್ರ್ಯಾಕರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದೂರು, ರಿಪೇರಿ, ಬಾಕಿ ಕೆಲಸ ಇವಕ್ಕೆಲ್ಲ ಒಂದೊಂದು ನಂಬರ್ ಕೊಟ್ಟು, ಈಗ ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು ಅಂತ ಬರೆದಿಡುವ ವೆಬ್ ರಿಜಿಸ್ಟರ್ ಅದು, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ನಮ್ಮ ಜಿಲ್ಲೆಯವೇ, ತಕರಾರೂ ಹೆಚ್ಚುಕಡಿಮೆ ಒಂದೇ: ಪುಟ ನಮಗೆ ಬೇಕಾದ ಹಾಗೆ ಇಲ್ಲ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಅಣ್ಣಾ, ನಾನು ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹಳ್ಳಿ ಕಡೆ ಆರು ಶಾಖೆ ಇವೆ. ಪ್ರಿಂಟರ್ ಕೆಟ್ಟಿದೆ, ಅಡಿಕೆ ತೂಕದ ಯಂತ್ರದಿಂದ ಲೆಕ್ಕ ಬರ್ತಾ ಇಲ್ಲ, ಇಂಥದ್ದನ್ನೆಲ್ಲ ಬರೆಯಲಿ ಅಂತ ರೌಂಡಪ್ ಅನ್ನುವ ಟ್ರ್ಯಾಕರ್ ಹಾಕಿದ್ದೇವೆ. ಶಾಖೆಯವರು ಅದನ್ನು ತೆರೆದು, ನೋಡಿ, ಮುಚ್ಚಿ, ನನಗೇ ಫೋನ್ ಮಾಡುತ್ತಾರೆ. ಎಲ್ಲ ಇಂಗ್ಲಿಷ್, ಮೇಲಿಂದ ಕೆಳಗೆ ಖಾನೆಯೋ ಖಾನೆ. ಕನ್ನಡ ಮಾಡುವುದು, ಬೇಡದ ಖಾನೆ ತೆಗೆಯುವುದು ಹೇಗೆ? ಎಚ್‌ಟಿಎಂಎಲ್ ಅಷ್ಟಿಷ್ಟು ಗೊತ್ತು, ಪೈಥಾನ್ ಬರುವುದಿಲ್ಲ.
ಶಿರಸಿ

ಉತ್ತರ: ಪೈಥಾನ್ ಬರದಿದ್ದರೂ ನಡೆಯುತ್ತೆ ತಂಗಿ. ರೌಂಡಪ್ ಪೈಥಾನ್‌ನಲ್ಲಿ ಬರೆದದ್ದು ಹೌದು, ಆದರೆ ನಿಮ್ಮ ಕಣ್ಣಿಗೆ ಕಾಣುವ ಪುಟಗಳೆಲ್ಲ ಬೇರೆ ಫೈಲುಗಳಲ್ಲಿವೆ, ಟೆಂಪ್ಲೇಟ್ ಅನ್ನುವುದು ಇವನ್ನೇ. ನಿಮ್ಮ ಟ್ರ್ಯಾಕರ್‌ನ ಫೋಲ್ಡರ್ ತೆರೆದರೆ ಒಳಗೆ ಎಚ್‌ಟಿಎಂಎಲ್ ಅಂತಲೇ ಒಂದು ಫೋಲ್ಡರ್ ಇರುತ್ತೆ. ಅದರಲ್ಲಿ ಪೇಜ್.ಎಚ್‌ಟಿಎಂಎಲ್ ಅಂದರೆ ಮನೆಯ ಚೌಕಟ್ಟು: ತಲೆಬರಹ, ಪಕ್ಕದ ಮೆನು, ಎಲ್ಲ ಪುಟಕ್ಕೂ ಸೇರಿದ್ದು. ಇಶ್ಯೂ.ಇಂಡೆಕ್ಸ್.ಎಚ್‌ಟಿಎಂಎಲ್ ಅಂದರೆ ದೂರುಗಳ ಪಟ್ಟಿ. ಇಶ್ಯೂ.ಐಟಂ.ಎಚ್‌ಟಿಎಂಎಲ್ ಅಂದರೆ ಒಂದು ದೂರಿನ ಪುಟ, ಹೊಸ ದೂರು ಬರೆಯುವ ಫಾರ್ಮ್ ಕೂಡ ಅದೇ. ನಿಮ್ಮ ಶಾಖೆಯವರನ್ನು ಓಡಿಸುತ್ತಿರುವುದು ಈ ಮೂರನೆಯದು.

ಅದನ್ನು ತೆರೆದು ತಿದ್ದಲು ಕೂರಬೇಡಿ. ಕಾಪಿ ಮಾಡಿ. ಫೈಲಿನ ಹೆಸರಿನ ಮೊದಲ ಭಾಗ ಯಾವ ವಸ್ತು ಅಂತ, ಎರಡನೆಯ ಭಾಗ ಯಾವ ನೋಟ ಅಂತ. ಹಾಗಾಗಿ ಇಶ್ಯೂ.ಐಟಂ ಅನ್ನು ಕಾಪಿ ಮಾಡಿ ಇಶ್ಯೂ.ದೂರು ಅಂತ ಇಟ್ಟರೆ (ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ) ಅದು ಹೊಸದೊಂದು ನೋಟ ಆಯಿತು. ವಿಳಾಸದ ಕೊನೆಗೆ @ಟೆಂಪ್ಲೇಟ್ ಅಂತ ಹಾಕಿ ಆ ನೋಟದ ಹೆಸರು ಕೊಟ್ಟರೆ ರೌಂಡಪ್ ನಿಮ್ಮ ಫೈಲನ್ನೇ ತೋರಿಸುತ್ತೆ. ಪೇಜ್.ಎಚ್‌ಟಿಎಂಎಲ್‌ನಲ್ಲಿ ಪಕ್ಕದ ಮೆನುಗೆ "ದೂರು ಬರೆಯಿರಿ" ಅಂತ ಒಂದು ಲಿಂಕ್ ಸೇರಿಸಿ ಅಲ್ಲಿಗೆ ಕೊಡಿ. ಶಾಖೆಯವರು ನಿಮ್ಮ ಚಿಕ್ಕ ಫಾರ್ಮ್ ನೋಡುತ್ತಾರೆ, ನೀವು ಮೂಲದ ದೊಡ್ಡ ಪುಟದಲ್ಲೇ ಕೆಲಸ ಮಾಡುತ್ತೀರಿ. ಏನೋ ಎಡವಟ್ಟಾಯಿತು ಅನ್ನಿ, ಆ ಲಿಂಕ್ ತೆಗೆದರೆ ಎಲ್ಲ ಮೊದಲಿನಂತೆ.

ಈಗ ಆ ಕಾಪಿಯೊಳಗೆ ಇಳಿಯೋಣ. ಒಂದು ಟೇಬಲ್ ಕಾಣುತ್ತೆ. ಪ್ರತಿ ಖಾನೆಗೂ ಒಂದು ತಲೆ, ಅದರ ಪಕ್ಕದ ಡಬ್ಬಿಯಲ್ಲಿ ಟಾಲ್ ಅಂತ ಶುರುವಾಗುವ ಒಂದು ಸೂಚನೆ. ಕಾಂಟೆಕ್ಸ್ಟ್, ಟೈಟಲ್, ಫೀಲ್ಡ್ ಅಂತ ನಡುವೆ ಓರೆ ಗೆರೆ (/) ಹಾಕಿ ಬರೆದಿದ್ದರೆ "ಈ ದೂರಿನ ಶೀರ್ಷಿಕೆಗೆ ಬರೆಯುವ ಡಬ್ಬಿ ಕೊಡು" ಅಂತ ಅರ್ಥ. ಫೀಲ್ಡ್ ಬದಲು ಪ್ಲೇನ್ ಅಂತಿದ್ದರೆ ಓದಲಿಕ್ಕೆ ಮಾತ್ರ, ಮೆನು ಅಂತಿದ್ದರೆ ಆರಿಸಿಕೊಳ್ಳುವ ಪಟ್ಟಿ. ತಲೆಯಲ್ಲಿರುವ ಇಂಗ್ಲಿಷ್ ಅಳಿಸಿ ಕನ್ನಡ ಬರೆಯಿರಿ. ಶೀರ್ಷಿಕೆ ಅಂತ ಬರೆಯಬೇಡಿ ಮಾರಾಯ್ತಿ, "ಏನು ಕೆಟ್ಟಿದೆ?" ಅಂತ ಬರೆಯಿರಿ. ಹಾಗೆ ಕೇಳಿದರೆ ಮನುಷ್ಯ ಉತ್ತರ ಕೊಡುತ್ತಾನೆ. ಕನ್ನಡ ಅಕ್ಷರ ಕೆಡದ ಹಾಗೆ ಫೈಲನ್ನು ಯುಟಿಎಫ್-8 ಅಂತ ಉಳಿಸಿ.

ಸುಪರ್‌ಸೀಡರ್, (ಇದರ ಬದಲು ನೋಡಬೇಕಾದ ಇನ್ನೊಂದು ದೂರು), ನೋಸಿ ಲಿಸ್ಟ್ (ಯಾರಿಗೆಲ್ಲ ಮೇಲ್ ಹೋಗಬೇಕು), ಕೀವರ್ಡ್ ಇವು ಶಾಖೆಯವರಿಗೆ ಬೇಡವೇ ಬೇಡ. ಸಾಲಿನ ಶುರುವಿನ ಟ್ಯಾಗ್‌ನಿಂದ ಮುಚ್ಚುವ ಟ್ಯಾಗ್‌ವರೆಗೆ ಪೂರ್ತಿ ತೆಗೆಯಿರಿ. ಪ್ರಯಾರಿಟಿ, ಅಂದರೆ ಎಷ್ಟು ತುರ್ತು ಅನ್ನುವ ಖಾನೆ, ತೆಗೆಯುವಾಗ ಮಾತ್ರ ಜೋಪಾನ, ಎಲ್ಲರೂ ಜಾರುವುದು ಇಲ್ಲೇ. ಫಾರ್ಮ್‌ನ ಕೆಳಗಡೆ @ರಿಕ್ವೈರ್ಡ್ ಅಂತ ಒಂದು ಅಡಗಿದ ಖಾನೆ ಇರುತ್ತೆ, ಯಾವುದನ್ನು ತುಂಬಲೇಬೇಕು ಅನ್ನುವ ಪಟ್ಟಿ ಅದು. ಅದರಲ್ಲಿ ಪ್ರಯಾರಿಟಿ ಹೆಸರು ಉಳಿದು, ಮೇಲೆ ಡಬ್ಬಿ ಮಾತ್ರ ಹೋದರೆ, ಪಾಪ ಶಾಖೆಯವರು ಎಲ್ಲ ಬರೆದು ಒತ್ತಿದ ಮೇಲೆ "ಪ್ರಯಾರಿಟಿ ಕೊಟ್ಟಿಲ್ಲ" ಅಂತ ಬೈಸಿಕೊಳ್ಳುತ್ತಾರೆ, ಪುಟದಲ್ಲಿ ಹುಡುಕಿದರೆ ಅಂಥ ಡಬ್ಬಿಯೇ ಇಲ್ಲ. ಆ ಪಟ್ಟಿಯಿಂದಲೂ ಹೆಸರು ತೆಗೆಯಿರಿ, ಇಲ್ಲವೇ ಪ್ರಯಾರಿಟಿಯನ್ನೂ ಅಡಗಿದ ಖಾನೆ ಮಾಡಿ ಒಂದು ಬೆಲೆ ನೀವೇ ತುಂಬಿಡಿ. ಪಕ್ಕದಲ್ಲೇ @ಟೆಂಪ್ಲೇಟ್ ಅಂತ ಇನ್ನೊಂದು ಅಡಗಿದ ಖಾನೆ ಇದ್ದರೆ ಅದರಲ್ಲಿ ಐಟಂ ಅಂತ ಇರುತ್ತೆ. ಹಾಗೇ ಬಿಟ್ಟರೆ ದೂರು ಉಳಿಸಿದ ಕೂಡಲೇ ಹಳೆಯ ಇಂಗ್ಲಿಷ್ ಪುಟ ಎದುರಿಗೆ ಬರುತ್ತೆ. ಅಲ್ಲೂ ನಿಮ್ಮ ನೋಟದ ಹೆಸರು ಹಾಕಿ.

ಟೆಂಪ್ಲೇಟ್ ತಿದ್ದಿದ ಮೇಲೆ ಪುಟ ರಿಫ್ರೆಶ್ ಮಾಡಿದರೆ ಸಾಕು. ಸ್ಕೀಮಾ ಫೈಲ್ (ಯಾವ ಖಾನೆ ಇರಬೇಕು, ಯಾರಿಗೆ ಏನು ಅನುಮತಿ ಅಂತ ಬರೆದದ್ದು) ಮುಟ್ಟಿದರೆ ಮಾತ್ರ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿ.

ಇನ್ನೊಂದು, ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ. ದೂರಿನ ಸ್ಥಿತಿಯ ಹೆಸರುಗಳು: ಅನ್‌ರೆಡ್, ಚಾಟಿಂಗ್, ಡನ್-ಸಿಬಿಬಿ, ರಿಸಾಲ್ವ್ಡ್. ಈ ಡನ್-ಸಿಬಿಬಿ ಅಂದರೆ "ಮುಗಿದಿದೆ, ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಅಂತ, ನಮ್ಮ ಕಡೆ ಅರ್ಧ ರಿಪೇರಿಗಳಿಗೆ ಇದೇ ಸರಿಯಾದ ಹೆಸರು. ಇವು ಟೆಂಪ್ಲೇಟ್‌ನಲ್ಲಿ ಇರುವುದಿಲ್ಲ, ಡೇಟಾಬೇಸ್‌ನಲ್ಲಿವೆ. ಅಡ್ಮಿನ್ ಆಗಿ ಲಾಗಿನ್ ಆದರೆ ಹೆಸರು ಬದಲಿಸಬಹುದು. ಆದರೆ ಡಿಟೆಕ್ಟರ್ಸ್ ಅನ್ನುವ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಇದೆ. ಮುಗಿದ ದೂರಿಗೆ ಯಾರಾದರೂ ಮತ್ತೆ ಬರೆದರೆ ಅದನ್ನು ತಾನಾಗಿ ಚಾಟಿಂಗ್‌ಗೆ ತರುವುದು ಅದರ ಕೆಲಸ. ಅದು ಹುಡುಕುವುದು ಚಾಟಿಂಗ್ ಅನ್ನುವ ಹೆಸರನ್ನೇ. ನೀವು ಅದನ್ನು "ಮಾತುಕತೆ" ಮಾಡಿದಿರೋ, ಹೆಸರು ಸಿಗದೆ ಅದು ಸುಮ್ನೆ ಹಿಂದೆ ಸರಿಯುತ್ತೆ. ಎರರ್ ಇಲ್ಲ, ಗಲಾಟೆ ಇಲ್ಲ. ಮುಗಿದ ದೂರು ಮುಗಿದೇ ಇರುತ್ತೆ, ಶಾಖೆಯವರು ಮತ್ತೆ ಫೋನ್ ಮಾಡುತ್ತಾರೆ. ಹೆಸರು ಬದಲಿಸಿದರೆ ಆ ಫೈಲಿನಲ್ಲೂ ಬದಲಿಸಿ. ಇಷ್ಟಕ್ಕೆ ಪೈಥಾನ್ ಕಲಿಯಬೇಕಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಬಗ್‌ಜಿಲ್ಲಾ ಅನ್ನುವ ಟ್ರ್ಯಾಕರ್ ಇದೆ. ಹುಡುಗರು ಟೆಂಪ್ಲೇಟ್ ಎಲ್ಲ ತಿದ್ದಿ ಚೆಂದ ಮಾಡಿದ್ದರು. ಹೊಸ ಆವೃತ್ತಿ ಹಾಕಿದ ಮೇಲೆ ಎಲ್ಲ ಹೋಯಿತು. ವಾಪಸ್ ತರಬಹುದಾ? ಮತ್ತೆ "ಬಗ್" ಅನ್ನುವ ಪದವನ್ನು ಎಲ್ಲ ಕಡೆ "ದೂರು" ಮಾಡಲು ದಾರಿ ಇದೆಯಾ?
ಹೊನ್ನಾವರ

ಉತ್ತರ: ಬ್ಯಾಕಪ್ ಇದ್ದರೆ ಬರುತ್ತೆ, ಇಲ್ಲದಿದ್ದರೆ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಗುಂಡಿಗೆ ಬಿದ್ದವನು. ಆಗ ನಾನೊಂದು ಸಣ್ಣ ಆಫೀಸಿನಲ್ಲಿದ್ದೆ. ಮೂರು ಸಂಜೆ ಕೂತು ಡಿಫಾಲ್ಟ್ ಫೋಲ್ಡರ್‌ನ ಫೈಲುಗಳನ್ನೇ ತಿದ್ದಿದ್ದೆ, ಹೊರಗೆ ಶಿರಸಿಯ ಆಷಾಢದ ಮಳೆ, ಕರೆಂಟ್ ಹೋಗಿ ಬಂದು ಹೋಗಿ ಬಂದು, ಪ್ರತಿ ಸಲವೂ ಯುಪಿಎಸ್ ಕಿರುಚಿದಾಗ ಓಡಿ ಉಳಿಸುತ್ತಿದ್ದೆ. ಕರೆಂಟ್‌ನಿಂದ ಏನೂ ಹೋಗಲಿಲ್ಲ. ಮುಂದಿನ ತಿಂಗಳು ಹೊಸ ಆವೃತ್ತಿಯನ್ನು ಅದರ ಮೇಲೇ ಬಿಚ್ಚಿದೆ ನೋಡಿ, ಅರ್ಧ ನಿಮಿಷದಲ್ಲಿ ಮೂರು ಸಂಜೆ ಸಮುದ್ರ ಸೇರಿತು.

ಬಗ್‌ಜಿಲ್ಲಾದಲ್ಲಿ ಇದಕ್ಕೆಂದೇ ಜಾಗ ಇದೆ. ಟೆಂಪ್ಲೇಟ್ ಫೋಲ್ಡರ್, ಅದರೊಳಗೆ ಭಾಷೆಯ ಫೋಲ್ಡರ್, ಅದರೊಳಗೆ ಡಿಫಾಲ್ಟ್. ಅದರ ಪಕ್ಕದಲ್ಲಿ ಕಸ್ಟಮ್ ಅಂತ ಫೋಲ್ಡರ್ ಮಾಡಿ, ತಿದ್ದಬೇಕಾದ ಫೈಲನ್ನು ಅದೇ ಉಪಫೋಲ್ಡರ್ ಹೆಸರಿನ ಜೊತೆ ಅಲ್ಲಿಗೆ ಕಾಪಿ ಮಾಡಿ, ಅಲ್ಲಿ ತಿದ್ದಿ. ಬಗ್‌ಜಿಲ್ಲಾ ಮೊದಲು ಕಸ್ಟಮ್ ನೋಡುತ್ತೆ, ಅಲ್ಲಿಲ್ಲದಿದ್ದರೆ ಡಿಫಾಲ್ಟ್‌ಗೆ ಹೋಗುತ್ತೆ. ಆಮೇಲೆ ಚೆಕ್‌ಸೆಟಪ್ ಪ್ರೋಗ್ರಾಂ ಒಮ್ಮೆ ಓಡಿಸಿ. ಅಪ್‌ಗ್ರೇಡ್ ಮಾಡಿದಾಗ ಕಸ್ಟಮ್ ಹಾಗೇ ಉಳಿಯುತ್ತೆ. ಆದರೆ ಹಾಗೇ ಉಳಿಯುವುದರಲ್ಲೂ ಒಂದು ತೊಂದರೆ ಇದೆ: ಡಿಫಾಲ್ಟ್‌ನಲ್ಲಿ ಹೊಸ ಬಟನ್ ಬಂದಿದ್ದರೆ, ಯಾವುದೋ ಭದ್ರತೆಯ ತೂತು ಮುಚ್ಚಿದ್ದರೆ, ನಿಮ್ಮ ಹಳೆ ಕಾಪಿಯಲ್ಲಿ ಅದು ಇರುವುದಿಲ್ಲ. ಪ್ರತಿ ಅಪ್‌ಗ್ರೇಡ್‌ಗೂ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲೇಬೇಕು. ಅದಕ್ಕೇ ಹತ್ತು ಫೈಲ್ ಕಾಪಿ ಮಾಡುವ ಬದಲು ಎರಡು ಮಾಡಿ. ಒಂದೆರಡು ಸಾಲು ಸೇರಿಸುವುದಷ್ಟೇ ಆದರೆ ಕಾಪಿಯೂ ಬೇಡ. ಮೂಲ ಟೆಂಪ್ಲೇಟ್‌ಗಳಲ್ಲಿ ಅಲ್ಲಲ್ಲಿ ಹುಕ್ ಅಂತ ಕೊಕ್ಕೆ ಬಿಟ್ಟಿರುತ್ತಾರೆ, ಒಂದು ಸಣ್ಣ ಎಕ್ಸ್‌ಟೆನ್ಷನ್ ಮಾಡಿ ಅದಕ್ಕೆ ನಿಮ್ಮ ಸಾಲು ಸಿಕ್ಕಿಸಬಹುದು.

"ಬಗ್" ಪದದ ವಿಚಾರ. ಗ್ಲೋಬಲ್ ಫೋಲ್ಡರ್‌ನಲ್ಲಿ ವೇರಿಯಬಲ್ಸ್ ಅನ್ನುವ ಟೆಂಪ್ಲೇಟ್ ಇದೆ. ಬಗ್, ಬಗ್ಸ್, ಎ ಬಗ್ ಇವನ್ನೆಲ್ಲ ಅಲ್ಲಿ ಒಮ್ಮೆ ಬದಲಿಸಿದರೆ ಬಹುತೇಕ ಎಲ್ಲ ಪುಟದಲ್ಲೂ ಬದಲಾಗುತ್ತೆ. ಇಂಗ್ಲಿಷ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಕನ್ನಡದಲ್ಲಿ ನಡೆಯುವುದಿಲ್ಲ, ಯಾಕೆ ಅಂದರೆ ನಮ್ಮದು ವಿಭಕ್ತಿಯ ಭಾಷೆ. ದೂರು, ದೂರಿಗೆ, ದೂರಿನ, ದೂರನ್ನು. ವಾಕ್ಯದ ನಡುವೆ ತೂತು ಬಿಟ್ಟು ಅಲ್ಲಿಗೆ "ದೂರು" ತುರುಕಿದರೆ "ಈ ದೂರುಗೆ ಸೇರಿಸಿ" ಅಂತ ಬರುತ್ತೆ, ಮೂರನೇ ಕ್ಲಾಸಿನ ಹುಡುಗನೂ ನಗುತ್ತಾನೆ. ಪುಟ ಕನ್ನಡದಲ್ಲೇ ಬೇಕು ಅಂದರೆ ಪದ ಬದಲಿಸಬೇಡಿ, ಜನ ದಿನಾ ನೋಡುವ ನಾಲ್ಕೈದು ವಾಕ್ಯಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಬರೆಯಿರಿ. ಉಳಿದದ್ದು ಇಂಗ್ಲಿಷೇ ಇರಲಿ ಬಿಡಿ.

ಪ್ರಶ್ನೆ: ಬೈತಕೋಲ ಬಂದರಿನ ಹತ್ತಿರ ನಮ್ಮದು ಬೋಟಿನ ಎಂಜಿನ್ ರಿಪೇರಿ. ಬೋಟಿನವರು ತಮ್ಮ ರಿಪೇರಿ ಎಲ್ಲಿಗೆ ಬಂತು ಅಂತ ನೋಡಲಿ ಅಂತ ರೌಂಡಪ್‌ನಲ್ಲಿ ಲಾಗಿನ್ ಕೊಟ್ಟಿದ್ದೇವೆ. ನಾವು ಬಿಡಿಭಾಗ ತಂದ ಅಸಲು ಬೆಲೆಗೆ ಒಂದು ಖಾನೆ ಮಾಡಿ, ಗಿರಾಕಿಗೆ ಕಾಣದ ಹಾಗೆ ಟೆಂಪ್ಲೇಟ್‌ನಲ್ಲಿ ಕಂಡಿಷನ್ ಹಾಕಿದ್ದೆವು. ಮೊನ್ನೆ ಒಬ್ಬ ಬೋಟಿನವರು ಬಂದು ನಮ್ಮ ಅಸಲನ್ನು ಪೈಸೆ ಸಮೇತ ಹೇಳಿದರು! ಹ್ಯಾಕ್ ಆಗಿದೆಯಾ?
ಕಾರವಾರ

ಉತ್ತರ: ಹ್ಯಾಕೂ ಇಲ್ಲ ಏನೂ ಇಲ್ಲ. ನೀವು ಬಾಗಿಲಿಗೆ ಪರದೆ ಕಟ್ಟಿ ಬೀಗ ಹಾಕಿದ್ದೇನೆ ಅಂದುಕೊಂಡಿದ್ದೀರಿ. ಟೆಂಪ್ಲೇಟ್ ಆ ಒಂದು ಪುಟದಲ್ಲಿ ಏನು ಬರೆಯಬೇಕು ಅಂತ ಹೇಳುತ್ತೆ, ಅಷ್ಟೇ. ಅದೇ ಮಾಹಿತಿ ಬೇರೆ ದಾರಿಯಲ್ಲಿ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನನ್ನ ಊಹೆ ಹೇಳಲಾ? ಪಟ್ಟಿಯ ಪುಟದ ಕೆಳಗೆ ಸಿಎಸ್‌ವಿ ಇಳಿಸಿಕೊಳ್ಳುವ ಲಿಂಕ್ ಇರುತ್ತೆ. ಆ ಲಿಂಕ್‌ನ ವಿಳಾಸದಲ್ಲೇ ಯಾವ ಯಾವ ಖಾನೆ ಬೇಕು ಅಂತ ಹೆಸರುಗಳಿರುತ್ತವೆ. ಖಾನೆಯ ಹೆಸರು ಗೊತ್ತಿದ್ದವರು ಅಲ್ಲಿ ಸೇರಿಸಿದರೆ ಮುಗಿಯಿತು, ಎಕ್ಸೆಲ್‌ನಲ್ಲಿ ಸಾಲಾಗಿ ನಿಮ್ಮ ಅಸಲು. ಬೋಟಿನವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನಾ ನೋಡಿ.

ಬೀಗ ಇರುವುದು ಸ್ಕೀಮಾ ಫೈಲಿನಲ್ಲಿ. ಕ್ಲಾಸಿಕ್ ಅನ್ನುವ ಮಾದರಿಯಲ್ಲಿ ಟ್ರ್ಯಾಕರ್ ಹಾಕಿದ್ದರೆ, ಯೂಸರ್ ಅನ್ನುವ ಪಾತ್ರಕ್ಕೆ ಇಶ್ಯೂ ಪೂರ್ತಿ ನೋಡುವ ಅನುಮತಿ ಮೊದಲೇ ಕೊಟ್ಟಿರುತ್ತಾರೆ. ಗಿರಾಕಿಗಳಿಗೆ ಬೇರೆಯೇ ಒಂದು ಪಾತ್ರ ಮಾಡಿ. ಆ ಪಾತ್ರಕ್ಕೆ ವ್ಯೂ ಅನುಮತಿ ಕೊಡುವಾಗ ಪ್ರಾಪರ್ಟೀಸ್ ಅಂತ ಒಂದು ಪಟ್ಟಿ ಕೊಡಬಹುದು: ಶೀರ್ಷಿಕೆ ನೋಡಲಿ, ಸ್ಥಿತಿ ನೋಡಲಿ, ಸಂದೇಶ ನೋಡಲಿ. ಅಸಲು ಬೆಲೆಯನ್ನು ಪಟ್ಟಿಗೆ ಸೇರಿಸದಿದ್ದರೆ ಆಯಿತು. ಗಿರಾಕಿಯ ಲಾಗಿನ್‌ನಿಂದ ಯೂಸರ್ ಪಾತ್ರ ತೆಗೆಯುವುದು ಮರೆಯಬೇಡಿ, ಎರಡೂ ಇದ್ದರೆ ದೊಡ್ಡ ಅನುಮತಿಯೇ ಗೆಲ್ಲುತ್ತೆ. ಒಬ್ಬ ಬೋಟಿನವರ ರಿಪೇರಿ ಇನ್ನೊಬ್ಬರಿಗೆ ಕಾಣಬಾರದು ಅಂತಿದ್ದರೆ, ಆ ಅನುಮತಿಗೇ ಚೆಕ್ ಅಂತ ಒಂದು ಚಿಕ್ಕ ಫಂಕ್ಷನ್ ಕೊಟ್ಟು "ತನ್ನದಾದರೆ ಮಾತ್ರ" ಅಂತ ಕಟ್ಟಬಹುದು. ಇದಕ್ಕೆ ಪೈಥಾನ್ ಗೊತ್ತಿರುವವರನ್ನು ಅರ್ಧ ದಿನ ಕೂರಿಸಿಕೊಳ್ಳಿ, ದುಡ್ಡಿನ ವಿಷಯ. ಮುಗಿದ ಮೇಲೆ ಗಿರಾಕಿಯ ಲಾಗಿನ್‌ನಲ್ಲಿ ನೀವೇ ಒಳಗೆ ಹೋಗಿ, ಪುಟ ನೋಡಿ, ಸಿಎಸ್‌ವಿ ಇಳಿಸಿ, ಅವರಿಗೆ ಹೋಗುವ ಮೇಲ್ ಕೂಡ ಓದಿ.

ತುಂಬಲೇಬೇಕು ಅನ್ನುವ ನಿಯಮಕ್ಕೂ ಇದೇ ಮಾತು. ಮೇಲೆ ಶಿರಸಿಯವರಿಗೆ ಹೇಳಿದ @ರಿಕ್ವೈರ್ಡ್ ಇರುವುದು ಫಾರ್ಮ್‌ನಲ್ಲಿ. ಮೇಲ್‌ನಲ್ಲಿ ಬಂದ ದೂರಿಗೆ ಫಾರ್ಮ್ ಎಲ್ಲಿದೆ? ನಿಜವಾಗಿಯೂ ತಡೆಯಬೇಕಿದ್ದರೆ ಡಿಟೆಕ್ಟರ್ಸ್ ಫೋಲ್ಡರ್‌ನಲ್ಲಿ ಆಡಿಟರ್ ಅನ್ನುವ ಚಿಕ್ಕ ಪ್ರೋಗ್ರಾಂ ಬರೆಯಬೇಕು. ದೂರು ಯಾವ ದಾರಿಯಿಂದ ಬಂದರೂ ಅದರ ಎದುರೇ ಹಾದು ಹೋಗಬೇಕು.

ಪ್ರಶ್ನೆ: ಟೆಂಪ್ಲೇಟ್‌ನಲ್ಲಿ ಸ್ಟ್ರಕ್ಚರ್ ಅಂತ ಸೇರಿಸಿದರೆ ದೂರಿನ ಪಠ್ಯದಲ್ಲಿ ಬಣ್ಣ, ದಪ್ಪ ಅಕ್ಷರ ಎಲ್ಲ ಬರುತ್ತೆ. ಎಲ್ಲ ಕಡೆ ಹಾಕಲಾ?
ದಾಂಡೇಲಿ

ಉತ್ತರ: ಬೇಡ. ಸ್ಟ್ರಕ್ಚರ್ ಅಂದರೆ "ಇದನ್ನು ನಂಬು, ಬಂದ ಹಾಗೇ ಪುಟಕ್ಕೆ ಸುರಿ" ಅಂತ. ರೌಂಡಪ್ ತಾನೇ ಮಾಡಿದ ಡಬ್ಬಿ, ಮೆನು ಇವಕ್ಕೆ ಅದು ಬೇಕು. ಹೊರಗಿನವರು ಬರೆದ ಪಠ್ಯಕ್ಕೆ ಹಾಕಿದರೆ, ಯಾರೋ ಒಬ್ಬ ದೂರಿನೊಳಗೆ ಸ್ಕ್ರಿಪ್ಟ್ ಬರೆದು ಕಳಿಸುತ್ತಾನೆ, ನೀವು ಆ ದೂರು ತೆರೆದ ಕೂಡಲೇ ಅದು ನಿಮ್ಮ ಅಡ್ಮಿನ್ ಲಾಗಿನ್‌ನಲ್ಲಿ ಓಡುತ್ತೆ. ಈಗಲೇ ತೆಗೆಯಿರಿ.

ಪ್ರಶ್ನೆ: ಟ್ರ್ಯಾಕರ್ ಪುಟ ಕನ್ನಡ ಮಾಡಿದೆವು. ಬಟನ್‌ಗಳಲ್ಲಿ ಒತ್ತಕ್ಷರ ಅರ್ಧ ಕತ್ತರಿಸಿ ಹೋಗುತ್ತಿದೆ. ಮತ್ತೆ ಕೆಲವರು ಬರೆದ ದೂರು ವಿಚಿತ್ರ ಅಕ್ಷರಗಳಲ್ಲಿ ಬರುತ್ತೆ. ಎರಡೂ ಫಾಂಟ್ ಸಮಸ್ಯೆಯಾ?
ಕುಮಟಾ

ಉತ್ತರ: ಎರಡೂ ಅಲ್ಲ. ಮೊದಲನೆಯದು ಸಿಎಸ್‌ಎಸ್, ಅಂದರೆ ಪುಟದ ಬಣ್ಣ, ಅಳತೆ ಹೇಳುವ ಫೈಲು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಟನ್‌ಗೆ ಇಷ್ಟೇ ಎತ್ತರ ಅಂತ ಗೆರೆ ಎಳೆದಿರುತ್ತಾರೆ. ನಮ್ಮ "ಪಟ್ಟಿ ವಿಸ್ತರಿಸಿ" ಅಲ್ಲಿ ಕೂರುವುದಿಲ್ಲ, ಟ ಒತ್ತು, ತ ಒತ್ತು ಕೆಳಗೆ ಕಾಲು ಚಾಚುತ್ತವೆ. ಎತ್ತರದ ಅಳತೆ ತೆಗೆದುಹಾಕಿ, ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ, ಲೈನ್-ಹೈಟ್ 1.6ರಿಂದ 1.8ರ ಒಳಗೆ ಇಡಿ. ಲೆಟರ್-ಸ್ಪೇಸಿಂಗ್ ಎಲ್ಲಿದ್ದರೂ ಸೊನ್ನೆ ಮಾಡಿ. ಓರೆ ಅಕ್ಷರವನ್ನೂ ತೆಗೆಯಿರಿ, ಕನ್ನಡ ಫಾಂಟ್‌ಗಳಲ್ಲಿ ಹೆಚ್ಚಿನವಕ್ಕೆ ನಿಜವಾದ ಓರೆ ರೂಪ ಇರುವುದಿಲ್ಲ, ಬ್ರೌಸರ್ ಸುಮ್ನೆ ಬಗ್ಗಿಸಿ ತೋರಿಸುತ್ತೆ, ಗಾಳಿಗೆ ಬಾಗಿದ ಅಡಿಕೆ ಮರದ ಹಾಗೆ.

ಎರಡನೆಯದು ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದ ಹಳೆಯ ಕಥೆ. "ಕನ್ನಡ" ಅಂತ ಬರೆದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಇರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತಾ? ಹಾಗಾದರೆ ಅವರು ಯೂನಿಕೋಡ್ ಅಲ್ಲದ ಹಳೆಯ ಎನ್‌ಕೋಡಿಂಗ್‌ನಲ್ಲಿ ವರ್ಡ್‌ನಲ್ಲಿ ಟೈಪ್ ಮಾಡಿ ಇಲ್ಲಿ ಪೇಸ್ಟ್ ಮಾಡಿದ್ದಾರೆ. ಟೆಂಪ್ಲೇಟ್‌ನಿಂದ ಇದು ಸರಿಯಾಗದು. ನುಡಿಯಲ್ಲೂ ಬರಹ ಅನ್ನುವ ತಂತ್ರಾಂಶದಲ್ಲೂ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ, ಹಳೆಯದನ್ನು ಅದರಲ್ಲಿ ಹಾಕಿ ತೆಗೆಯಿರಿ. ಡಬ್ಬಿಯ ಮೇಲೆ "ಇಲ್ಲೇ ಟೈಪ್ ಮಾಡಿ, ವರ್ಡ್‌ನಿಂದ ತರಬೇಡಿ" ಅಂತ ಒಂದು ಸಾಲು ಬರೆದಿಡಿ. ಅರ್ಧ ಜನ ಕೇಳುತ್ತಾರೆ.

ಪ್ರಶ್ನೆ: ಇನ್ನೂ ಯಾವ ಟ್ರ್ಯಾಕರ್ ಕೂಡ ಹಾಕಿಲ್ಲ. ತಿದ್ದಲು ಸುಲಭ ಯಾವುದು?
ಯಲ್ಲಾಪುರ

ಉತ್ತರ: ಬರೀ ಬಣ್ಣ, ಲೋಗೋ ಸಾಕು ಅಂದರೆ ರೆಡ್‌ಮೈನ್, ಅದರ ಥೀಮ್ ಅಂದರೆ ಹೆಚ್ಚಾಗಿ ಸಿಎಸ್‌ಎಸ್. ಪುಟದ ಪದಗಳನ್ನಷ್ಟೇ ಬದಲಿಸಬೇಕು ಅಂದರೆ ಮ್ಯಾಂಟಿಸ್, ಕಾನ್ಫಿಗ್ ಫೋಲ್ಡರ್‌ನಲ್ಲಿ ಕಸ್ಟಮ್ ಸ್ಟ್ರಿಂಗ್ಸ್ ಫೈಲ್ ಇಟ್ಟು ಅದರಲ್ಲಿ ಬರೆದರೆ ಆಯಿತು. ಪುಟವನ್ನೇ ಬಿಚ್ಚಿ ಕಟ್ಟಬೇಕು ಅಂದರೆ ನಾನು ರೌಂಡಪ್ ಕಡೆಯವನು.

ಪ್ರಶ್ನೆ: ನೀವು ಎಷ್ಟೇ ಹೇಳಿ, ನಮ್ಮ ಜನ ಫೋಟೋ ತೆಗೆದು ವಾಟ್ಸಾಪ್‌ಗೇ ಹಾಕುತ್ತಾರೆ. ಪುಟ ತಿದ್ದಿ ಏನು ಪ್ರಯೋಜನ?
ಅಂಕೋಲಾ

ಉತ್ತರ: ಅವರದ್ದೇನು ತಪ್ಪು? ವಾಟ್ಸಾಪ್ ಏನನ್ನೂ ಕೇಳುವುದಿಲ್ಲ, ನಿಮ್ಮ ಫಾರ್ಮ್ ಎಂಟು ಕೇಳುತ್ತೆ. ನೀವೂ ಒಂದೇ ಕೇಳಿ: ಒಂದು ಸಾಲು, ಒಂದು ಫೋಟೋ, ಒಂದು ಬಟನ್. ಮೊಬೈಲ್‌ನಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಬಟನ್ ದೊಡ್ಡದಿರಲಿ. ಉಳಿದದ್ದನ್ನು ದೂರು ನೋಡುವವರು ತುಂಬಲಿ, ಅವರಿಗೆ ಸಂಬಳ ಬರುತ್ತೆ. ಅದೂ ಆಗದಿದ್ದರೆ ರೌಂಡಪ್‌ಗೆ ಮೇಲ್ ಕಳಿಸುವ ದಾರಿ ಇದೆ, ಮೇಲ್‌ನ ಸಬ್ಜೆಕ್ಟ್ ದೂರಿನ ಶೀರ್ಷಿಕೆ ಆಗುತ್ತೆ, ಅಂಟಿಸಿದ ಫೋಟೋ ಫೈಲ್ ಆಗಿ ಸೇರುತ್ತೆ. ಒಬ್ಬೊಬ್ಬರದ್ದೂ ಎರಡು ಮೂರು ಜಿಮೇಲ್ ಇರುತ್ತೆ ಅಲ್ವಾ, ಬಳಕೆದಾರರ ಪುಟದಲ್ಲಿ ಪರ್ಯಾಯ ಮೇಲ್ ವಿಳಾಸಗಳಿಗೆ ಒಂದು ಡಬ್ಬಿ ಇದೆ, ಸಾಲಿಗೊಂದರಂತೆ ಅಲ್ಲಿ ಹಾಕಿಡಿ. ಇಲ್ಲದಿದ್ದರೆ ಒಬ್ಬನೇ ಮನುಷ್ಯ ನಿಮ್ಮ ಪಟ್ಟಿಯಲ್ಲಿ ಮೂವರಾಗಿ ಕೂರುತ್ತಾನೆ.